ಹದಿನೇಳೂವರೆ ತಾಸು

ನಮ್ಮ ಹೆಡ್ಮಾಸ್ತರರ ರುಮಾಲು ನೆಟ್ಟಗೆ ತಲೆಯ ಮೇಲೆ ಕೂತದ್ದೇ ಇಲ್ಲ. ಯಾವಾಗಲೂ ಹಿಂದಕ್ಕೆ ಜಾರಿ ಹೆಡಕಿನ ಮೇಲೆ ಜೋತುಬಿದ್ದಿರುತ್ತಿತ್ತು. ಆಕಾಶ ನೋಡಿ ನೋಡಿ ಆದ ಅವಸ್ಥೆ ಅದು. ಮೂಡಲಗಿಯ ಸಾಲೆಗೆ ಹೊಸದಾಗಿ ಮಾಸ್ತರನಾಗಿ ಬಂದಾಗ ಇವರಿಗೆ ಕತ್ತುನೋವಿರಬೇಕೆಂದು ನಾನು ತಿಳಿದಿದ್ದೆ.

ಒಂದು ನಕ್ಷತ್ರದ ಮೇಲೆ ಅವರಿಗೆ ಜೀವ. ಹೆಚ್ಚುಕಡಿಮೆ ಮೂರು ದಿನಕ್ಕೊಮ್ಮೆ ಅದು ಕೆಲವು ತಾಸು ಮಂಕಾಗಿ ಮತ್ತೆ ಬೆಳಗುತ್ತದೆ. ಮಂಕಾದ ಹೊತ್ತನ್ನೆಲ್ಲ ಖಗೋಳದವರ ಲೆಕ್ಕದಲ್ಲೇ ಹದಿನೆಂಟು ವರ್ಷ ವಹಿಗಳಲ್ಲಿ ಬರೆದಿಟ್ಟಿದ್ದರು. ವಿಲಾಯತಿಯ ಪಂಚಾಂಗವೊಂದು ಅವರಿಗೆ ಟಪಾಲಿನಲ್ಲಿ ಬರುತ್ತಿತ್ತು. ಅದರಲ್ಲಿ ಕೊಟ್ಟ ಹೊತ್ತಿಗೆ ಹದಿನೇಳೂವರೆ ತಾಸು ಕೂಡಿಸಿದರೆ ನಮ್ಮ ಗಡಿಯಾರದ ಹೊತ್ತು.

“ನಮ್ಮ ಗಡಿಯಾರದ ದಿನ ನಡುರಾತ್ರಿಗೆ ಸುರು. ಖಗೋಳದವರ ದಿನ ಮಧ್ಯಾಹ್ನ ಹನ್ನೆರಡಕ್ಕ ಸುರು. ಅದಕ್ಕ ಹನ್ನೆರಡು, ಮ್ಯಾಲೆ ವಿಲಾಯತಿಗೂ ನಮಗೂ ಇರೂ ಐದೂವರಿ” ಎನ್ನುತ್ತಿದ್ದರು. ಪಂಚಾಂಗದ ಮುನ್ನುಡಿಯನ್ನು ಮಾತ್ರ ಓದುತ್ತಿರಲಿಲ್ಲ. “ಅಂಕಿ ಅದಾವಲ್ಲ, ಮಾತ್ಯಾಕ?”

೧೯೨೫ರ ಪಂಚಾಂಗ ಬಂತು. ಲೆಕ್ಕದ ಪ್ರಕಾರ ಹಾಡಹಗಲೇ ಮಂಕಾಗಬೇಕಾದ ನಕ್ಷತ್ರ ಅವರ ಕಣ್ಣಿಗೆ ರಾತ್ರಿ ಮಂಕಾಗಿ ಕಂಡಿತು. ಮತ್ತೊಮ್ಮೆಯೂ ಹಾಗೇ.

“ಕಣ್ಣಿಗೆ ಪರೆ ಬಂದೈತ್ರಿ. ಎಂದಿನಿಂದ ಬಂದೈತೋ ಏನೋ. ಬರದದ್ದೆಲ್ಲಾ ಸುಳ್ಳ” ಎಂದರು. ಗೋಕಾಕಕ್ಕೆ ಹೋಗಿ ತೋರಿಸೋಣವೆಂದರೆ ಒಲ್ಲೆ ಎಂದರು. ಊಟ ಬಿಟ್ಟರು.

ಒಂದು ಸಂಜೆ ಅವರ ಹೆಂಡತಿ ನನ್ನನ್ನು ಕರೆಸಿದರು. “ಮಾಸ್ತರ, ವಹಿ ಎಲ್ಲಾ ನೀರೊಲಿಗೆ ಹಾಕು ಅನ್ನಾಕತ್ತಾರ. ನೀವರ ಒಂದ ಮಾತ ಹೇಳ್ರಿ.”

ಹೆಡ್ಮಾಸ್ತರರ ಎದುರಿಗೆ ಆ ಹೊಸ ಪಂಚಾಂಗ ತೆರೆದು ಕೂತೆ. ಅಂಕಿ ಕಂಡರೆ ನನಗೆ ತಲೆನೋವು. ಹೀಗಾಗಿ ಮಾತಿದ್ದ ಪುಟವನ್ನೇ ಓದಿದೆ. ಹಲವು ದೇಶಗಳ ಖಗೋಳ ಪಂಡಿತರು ಸಭೆ ಸೇರಿ, ವರ್ಷಗಟ್ಟಲೆ ವಾದಿಸಿ, ಕೊನೆಗೆ ಒಪ್ಪಿಕೊಂಡಿದ್ದರು: ಈ ವರ್ಷದಿಂದ ಖಗೋಳದ ದಿನವೂ ಎಲ್ಲರ ದಿನದಂತೆ ನಡುರಾತ್ರಿಗೇ ಸುರು.

“ಸರ, ಹನ್ನೆರಡು ತಾಸು ಹೋತ್ರಿ. ಇನ್ನ ಬರೇ ಐದೂವರಿ ಕೂಡಸ್ರಿ.”

ಮೂರು ಸಲ ಓದಿಸಿದರು. ಪಾಟಿಯ ಮೇಲೆ ಲೆಕ್ಕ ಹಾಕಿದರು. ನಕ್ಷತ್ರ ಅವರು ಕಂಡ ಹೊತ್ತಿಗೇ ಬಂದು ನಿಂತಿತು. ಆ ದೊಡ್ಡ ಮನುಷ್ಯ ಪಾಟಿಯನ್ನು ಎದೆಗವಚಿಕೊಂಡು ಅತ್ತುಬಿಟ್ಟರು.

“ಅವರು ಅಲ್ಲಿ ಸಭಾ ಮಾಡಿದ್ರ ನಾವಿಲ್ಲಿ ಉಪಾಸ ಬೀಳೂದೇನ?” ಎನ್ನುತ್ತ ಅವರ ಹೆಂಡತಿ ರೊಟ್ಟಿ ಬಡಿಯಲು ಎದ್ದರು.

ಮರುದಿನದಿಂದಲೇ ಒಂದೊಂದು ಹಳೆಯ ವಹಿಯ ಮೊದಲ ಪುಟದಲ್ಲೂ “ಇದರೊಳಗಿನ ದಿನ ಮಧ್ಯಾಹ್ನಕ್ಕೆ ಸುರು” ಎಂದು ಬರೆಯುತ್ತ ಹೋದರು. ಯಾಕೆಂದು ಕೇಳಿದೆ. “ಯಾವ ದೇಶದಾಂವ ತೆಗದು ನೋಡಿದ್ರೂ ತಿಳೀಬೇಕಲ್ರಿ. ಎಲ್ಲಾರ ಲೆಕ್ಕ ಒಂದಕ್ಕೊಂದು ಹೊಂದಲಿ ಅಂತನ ಅವರು ಸಭಾ ಮಾಡ್ಯಾರ.”

ಮುಂದೆ ಮುಪ್ಪಿನಲ್ಲಿ ಅವರಿಗೆ ನಿಜವಾಗಿಯೂ ಪೊರೆ ಬಂತು. ತೀರಿಕೊಳ್ಳುವ ಕೆಲವು ದಿನ ಮೊದಲು ನೋಡಲು ಹೋಗಿದ್ದೆ. ಸಮಾಧಾನ ಹೇಳಲು ಬಾಯಿ ತೆರೆದವನ ಕೈಯನ್ನು ತಡವಿ ಹಿಡಿದುಕೊಂಡರು.

“ಬರಲಿ ಬಿಡ್ರಿ. ಕಂಡದ್ದು ಖರೆ ಅಂತ ಗೊತ್ತಾದ ಮ್ಯಾಲೆ ಬಂತಲ್ಲ, ಅಷ್ಟ ಸಾಕು.”