ಮೂರನೇ ಸುತ್ತಿನ ಅಂಕ

ರೆಫರಿ ನೀಲಿ ಬನಿಯನ್ನಿನ ಹುಡುಗಿಯ ಕೈ ಎತ್ತಿದರು. ಕೆಂಪು ಬನಿಯನ್ನಿನವಳು ನನ್ನ ತಂಗಿಯ ಮಗಳು, ಸೋತವಳು ಅವಳು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ನನ್ನ ಚೀಟಿಯಲ್ಲೂ ಅವಳು ಸೋತೇ ಇದ್ದಳು. ಆದರೂ ಅವಳು ನಿಜವಾಗಿ ಸೋಲಬಹುದೆಂದು ನನಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಆ ಕಣದ ಸುತ್ತ ನೆರೆದಿದ್ದವರಲ್ಲಿ ನನ್ನಷ್ಟು ಬೆಚ್ಚಿಬಿದ್ದವನು ಬೇರೆ ಯಾರೂ ಇರಲಿಲ್ಲ.

ಗೆದ್ದವಳಿಗೆ ರಾಜ್ಯದ ಆಯ್ಕೆ ಶಿಬಿರಕ್ಕೆ ಹೋಗುವ ಅವಕಾಶವಿತ್ತು. ಆ ವಯಸ್ಸಿನ ಗುಂಪಿನಲ್ಲಿ ನಮ್ಮ ಹುಡುಗಿಗೆ ಅದು ಕೊನೆಯ ವರ್ಷ. ಹೀಗಾಗಿ ಸೋತರೆ ಬರುವ ವರ್ಷ ನೋಡೋಣ ಎನ್ನುವ ಮಾತೇ ಇರಲಿಲ್ಲ.

ನಾನು ಬಾಳೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಿಡಿಯುವುದು, ಸಂಜೆ ಅವರು ಕೊಯ್ದು ತಂದ ಹಣ್ಣು ತೂಗುವುದು ನನ್ನ ಕೆಲಸ. ಕಾಲೇಜಿನಲ್ಲಿದ್ದಾಗ ಎರಡು ವರ್ಷ ಬಾಕ್ಸಿಂಗ್ ಆಡಿದ್ದೆ. ಅದರ ನೆನಪಿಗೆ ಮೂಗು ಎಡಕ್ಕೆ ವಾಲಿಕೊಂಡಿದೆ. ತಂಗಿಯ ಮಗಳಿಗೆ ಮುಷ್ಟಿ ಕಟ್ಟುವುದನ್ನು ಕಲಿಸಿದವನೂ ನಾನೇ. ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿ ಹಲಸಿನ ಮರಕ್ಕೆ ನೇತುಹಾಕಿಕೊಟ್ಟಿದ್ದೆ. ಒಂದು ವರ್ಷಕ್ಕೆ ಮೂರು ಚೀಲ ಒಡೆದಳು.

ಪಂದ್ಯ ನಡೆದದ್ದು ಮೂಡಿಗೆರೆಯ ಹತ್ತಿರ, ಆಟದ ಹುಚ್ಚಿರುವ ಪ್ಲಾಂಟರೊಬ್ಬರ ಕಾಫಿ ಕಣದಲ್ಲಿ. ಕಾಫಿ ಒಣಗಿ ಮೂಟೆ ಸೇರಿದ್ದರಿಂದ ಕಣ ಖಾಲಿಯಾಗಿತ್ತು. ಕಾಂಕ್ರೀಟು ತುಂಬಿದ ನಾಲ್ಕು ಡ್ರಮ್ಮಿಗೆ ಕಂಬ ನೆಟ್ಟು, ಹಗ್ಗ ಬಿಗಿದು, ಕೆಳಗೆ ಮ್ಯಾಟು ಹಾಸಿದ್ದರು. ಚಿಕ್ಕಮಗಳೂರಿನಿಂದ ಬರಬೇಕಿದ್ದ ಒಬ್ಬ ತೀರ್ಪುಗಾರರ ಕಾರು ದಾರಿಯಲ್ಲಿ ಕೆಟ್ಟು ನಿಂತಿತು. ಇದ್ದವರು ಇಬ್ಬರೇ. ಒಬ್ಬರು ಕಳಸದ ಕಡೆಯ ಪಿ.ಟಿ. ಮೇಷ್ಟರು, ಇನ್ನೊಬ್ಬರು ಮೂಡಿಗೆರೆಯ ಜೀಪ್ ಮೆಕ್ಯಾನಿಕ್ ಸಾಬರು, ಪ್ರಾಯದಲ್ಲಿ ಮಂಗಳೂರಿನಲ್ಲಿ ಆಡಿ ಹೆಸರು ಮಾಡಿದವರು. ಮೂರನೆಯವರು ಯಾರು ಎಂಬ ಮಾತು ಬಂದಾಗ ನೀಲಿ ಹುಡುಗಿಯ ಅಪ್ಪನೇ ಎದ್ದು ನಿಂತರು.

"ರೈಟರೇ ಕೂತ್ಕೊಳ್ಲಿ. ತಂಗಿ ಮಗಳಾದ್ರೇನಂತೆ? ಅವ್ರು ನೇರದ ಮನುಷ್ಯ ಅಂತ ಇಡೀ ಬಾಳೂರಿಗೇ ಗೊತ್ತಲ್ಲ."

ಆಗಲೇ ಆಗುವುದಿಲ್ಲ ಎನ್ನಬೇಕಿತ್ತು. ಅಷ್ಟು ಜನರೆದುರು ನೇರದ ಮನುಷ್ಯ ಎನ್ನಿಸಿಕೊಂಡ ಖುಷಿಗೆ ನಾನು ಉಬ್ಬಿಹೋದೆ. ಹೋಗಿ ಕುರ್ಚಿಯಲ್ಲಿ ಕೂತೆ.

ಪಂದ್ಯ ಮೂರು ಸುತ್ತು. ಪ್ರತಿ ಸುತ್ತಿನಲ್ಲಿ ಮೇಲಾದವಳಿಗೆ ಹತ್ತು, ಇನ್ನೊಬ್ಬಳಿಗೆ ಒಂಬತ್ತು. ಸಮ ಎಂದು ಬರೆಯುವಂತಿಲ್ಲ, ಯಾರಿಗಾದರೂ ಕೊಡಲೇಬೇಕು. ಮೊದಲನೆಯದು ಸ್ಪಷ್ಟವಾಗಿ ಕೆಂಪಿನದು, ಎರಡನೆಯದು ಅಷ್ಟೇ ಸ್ಪಷ್ಟವಾಗಿ ನೀಲಿಯದು. ಮೂರನೆಯದರಲ್ಲಿ ನೀಲಿ ಹುಡುಗಿ ಎಡೆಬಿಡದೆ ಮುನ್ನುಗ್ಗಿದಳು. ನಮ್ಮವಳು ಹಿಂದೆ ಹಿಂದೆ ಸರಿಯುತ್ತ ಎಡಗೈಯಿಂದ ತಟ್ಟುತ್ತಿದ್ದಳು. ದೂರದಲ್ಲಿ ನಿಂತವರಿಗೆ ಓಡಿಹೋಗುತ್ತಿದ್ದಾಳೆ ಅನ್ನಿಸಬಹುದಿತ್ತು. ನಾನು ಮೂರಡಿ ದೂರದಲ್ಲಿದ್ದೆ. ಅವಳ ಏಟು ಮುಖಕ್ಕೆ ಬೀಳುತ್ತಿದ್ದುದು ನನಗೆ ಕಾಣುತ್ತಿತ್ತು, ಕೇಳುತ್ತಲೂ ಇತ್ತು.

ಗಂಟೆ ಹೊಡೆಯಿತು. ನನ್ನ ಪೆನ್ನು ಕೆಂಪಿನ ಕಡೆಗೇ ಹೋಗಿ ಅಲ್ಲಿ ನಿಂತುಬಿಟ್ಟಿತು. ಉಳಿದಿಬ್ಬರು ಹೇಗೂ ಕೆಂಪಿಗೇ ಕೊಡುತ್ತಾರೆ, ಮೂರಕ್ಕೆ ಎರಡು ಸಾಕು, ನನ್ನದೊಂದು ನೀಲಿಗೆ ಹೋದರೆ ಯಾರಿಗೂ ನಷ್ಟವಿಲ್ಲ, ನಾಳೆ ಯಾರೂ ಬಾಯಿ ಬಿಡುವಂತೆಯೂ ಇಲ್ಲ ಎಂದುಕೊಂಡೆ. ನೀಲಿಗೆ ಹತ್ತು ಬರೆದು ಸಹಿ ಹಾಕಿ ಕೊಟ್ಟೆ. ಅದಾದ ಮೇಲೆ ರೆಫರಿ ನೀಲಿಯ ಕೈ ಎತ್ತಿದ್ದು.

ಆಮೇಲೆ ಕೋಪ ಬಂತು. ಯಾರ ಮೇಲೆ ಅಂತೀರಿ? ಮೇಷ್ಟರ ಮೇಲೆ, ಸಾಬರ ಮೇಲೆ! ಇಬ್ಬರಲ್ಲಿ ಯಾವನೋ ಒಬ್ಬ ಕಣ್ಣುಮುಚ್ಚಿ ಬರೆದಿದ್ದಾನೆ, ಅವನನ್ನು ಸುಮ್ಮನೆ ಬಿಡಬಾರದು ಎಂದು ಹಲ್ಲು ಕಚ್ಚಿದೆ. ಹುಡುಗಿ ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತ ಅಮ್ಮನ ಪಕ್ಕ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗದೆ ಮೇಷ್ಟರು, ಸಾಬರು ಇಬ್ಬರನ್ನೂ ಚಹಾ ಕುಡಿಯೋಣವೆಂದು ರಸ್ತೆಬದಿಯ ಬೇಕರಿಗೆ ಎಳೆದುಕೊಂಡು ಹೋದೆ.

ಅಲ್ಲಿ ನಾನು ಬಾಯಿ ತೆರೆಯುವ ಮೊದಲೇ ಸಾಬರು ಮೇಷ್ಟರ ಮೇಲೆ ಬಿದ್ದರು.

"ಎಂಥ ಮಾರಾಯ್ರೆ, ಹಿಂದೆ ಹೋಗ್ತಾ ಹೊಡೆದ್ರೆ ಅದು ಹೊಡೆತ ಅಲ್ವಾ? ಕೆಂಪು ಹುಡುಗಿದು ಒಂದೊಂದೂ ನೀಟಾಗಿ ಬಿದ್ದಿದೆ."

"ಆಟ ನಡೆಸಿದ್ದು ಯಾರು ಸಾಬ್ರೆ?" ಎಂದರು ಮೇಷ್ಟರು. "ಇವ್ಳು ಮೂರು ನಿಮಿಷ ಹಿಂದಕ್ಕೇ ಹೋದ್ಲು. ಹತ್ತಿರ ಬಂದಾಗ್ಲೆಲ್ಲ ನೀಲಿಯವಳದೇ ಜೋರು. ಹೊಟ್ಟೆಗೆ ಬಿದ್ದಿದ್ದು ನೀವು ಕೂತ ಕಡೆಯಿಂದ ಕಂಡಿಲ್ಲ, ಅಷ್ಟೇ."

ಸಾಬರು ಫೋನು ತೆಗೆದರು. ಅವರ ಗ್ಯಾರೇಜಿನವರು ಯಾರೋ ಆ ಸುತ್ತನ್ನು ಚಿತ್ರ ಹಿಡಿದಿದ್ದರು. ಮೂವರೂ ತಲೆ ಕೂಡಿಸಿ ಮತ್ತೆ ಮತ್ತೆ ನೋಡಿದೆವು. ನಿಲ್ಲಿಸಿ ನೋಡಿದರೂ ಜಗಳ ಮುಗಿಯಲಿಲ್ಲ. ಸಾಬರಿಗೆ ಗದ್ದಕ್ಕೆ ಬಿದ್ದಂತೆ ಕಂಡದ್ದು ಮೇಷ್ಟರಿಗೆ ಭುಜಕ್ಕೆ ಬಿದ್ದಂತೆ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮೇಜು ಗುದ್ದಿದೆ.

"ಏಳು ಏಟು ಮುಖಕ್ಕೇ ಬಿದ್ದಿದೆ ಮೇಷ್ಟ್ರೆ! ನಾನೇ ಕಣ್ಣಾರೆ ಕಂಡಿದ್ದೀನಿ. ನೀಲಿದು ನಾಲ್ಕು, ಅದ್ರಲ್ಲಿ ಎರಡು ಕೈ ಮೇಲೆ ಬಿದ್ದಿದ್ದು. ಈ ಸುತ್ತು ಕೆಂಪಿಂದೇ!"

ಮೇಷ್ಟರು ಚಹಾದ ಲೋಟ ಕೆಳಗಿಟ್ಟರು. ಚೀಟಿಗಳನ್ನು ಕೂಡಿಸಿದವರು ಅವರೇ ಎಂಬುದು ಆ ಆವೇಶದಲ್ಲಿ ನನಗೆ ಮರೆತೇ ಹೋಗಿತ್ತು.

"ಹಾಗಾದ್ರೆ ರೈಟರೇ, ನಿಮ್ಮ ಚೀಟೀಲಿ ನೀಲಿಗೆ ಹತ್ತು ಯಾಕಿತ್ತು?"

ಸಾಬರು ನನ್ನ ಮುಖ ನೋಡಿದರು, ಮೇಷ್ಟರ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಕೆಂಪು ಅಂತ ಕಂಡೂ ನೀಲಿಗೆ ಬರ್ದ್ರಾ? ಇಷ್ಟೊತ್ತು ನಾನು ಯಾರ ಹುಡುಗಿ ಪರವಾಗಿ ಕಿರುಚಾಡ್ತಿದ್ದೆ ಮಾರಾಯ್ರೆ?"

"ನಂದು ತಪ್ಪಿರಬಹುದು," ಎಂದರು ಮೇಷ್ಟರು. "ಆದ್ರೆ ನಾನು ಕಂಡಿದ್ದನ್ನ ಬರ್ದೆ. ಸಾಬ್ರು ಕಂಡಿದ್ದನ್ನ ಅವ್ರೂ ಬರ್ದಿದ್ದಾರೆ. ನೀವು ಎಂಥ ಬರ್ದಿದ್ದು?"

ತಿದ್ದಲು ಆಗುತ್ತದೆಯೇ ಎಂದು ಕೇಳಿದೆ. ಸಹಿಯಾಗಿ, ಫಲಿತಾಂಶ ಕೂಗಿ ಆದ ಮೇಲೆ ಅದು ಮುಗಿಯಿತು ಎಂದರು ಮೇಷ್ಟರು. ಸಾಬರು ಅರ್ಧ ಚಹಾ ಬಿಟ್ಟು ಎದ್ದುಹೋದರು.

ಹಾಗೆ ಬರೆದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತಂಗಿ ನಮ್ಮ ಎಸ್ಟೇಟಿಗೇ ಹಣ್ಣು ಕೊಯ್ಯಲು ಬರುತ್ತಾಳೆ. ಸಂಜೆ ತೂಕದ ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಬೇರೆಯವರಿಗೆ ಮೇಲಿನದನ್ನು ಬರೆಯುತ್ತೇನೆ, ತಂಗಿಗೆ ಕೆಳಗಿನದನ್ನು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುತ್ತಾರಲ್ಲ! ನಮ್ಮ ಕಡೆ ರೈಟರುಗಳೆಲ್ಲ ಹೀಗೆಯೇ, ಸ್ವಂತದವರ ಮೂಟೆಯ ಮೇಲೆ ಕೈ ಬಿಗಿ. ನೇರದ ಮನುಷ್ಯ ಎಂಬ ಹೆಸರು ನಾನು ಸಂಪಾದಿಸಿದ್ದು ಹಾಗೆ. ತಂಗಿ ಒಂದು ದಿನವೂ ತುಟಿ ಬಿಚ್ಚಿಲ್ಲ, ನಾನೂ ಅದನ್ನು ದೊಡ್ಡ ಗುಣವೆಂದೇ ತಿಳಿದಿದ್ದೆ. ಅದು ಬರೀ ಹೆದರಿಕೆ ಎಂದು ಮೇಷ್ಟರ ಆ ಒಂದು ಪ್ರಶ್ನೆಗೆ ತಿಳಿದುಹೋಯಿತು.

ಬಾಳೂರಿಗೆ ವಾಪಸ್ಸು ಬರುವಾಗ ಜೀಪಿನ ಹಿಂದಿನ ಸೀಟಿನಲ್ಲಿ ನಾವು ಮೂವರೇ. ತಂಗಿ ಕಿಟಕಿಗೆ ತಲೆಕೊಟ್ಟು ನಿದ್ದೆ ಹೋಗಿದ್ದಳು. ಹುಡುಗಿಯ ಎಡಗಣ್ಣಿನ ಕೆಳಗೆ ಬಾತುಕೊಂಡಿತ್ತು. ಗೋಣಿಬೀಡಿನ ಕ್ರಾಸು ದಾಟಿದ ಮೇಲೆ ಅವಳೇ ಮಾತು ತೆಗೆದಳು.

"ಮಾವ, ನೀವೂ ನೀಲಿಗೇ ಕೊಟ್ರಂತೆ, ಹೌದಾ?"

ಹೌದೆಂದೆ.

"ಹಂಗಾದ್ರೆ ಸರಿ ಬಿಡಿ. ಬೇರೆ ಯಾರಾದ್ರೂ ಕೊಟ್ಟಿದ್ರೆ ಮೋಸ ಆಯ್ತು ಅಂತಿದ್ದೆ. ಸುತ್ತು ನಂದೇ ಅಂದ್ಕೊಂಡಿದ್ದೆ ನಾನು. ನೀವೇ ಕೊಟ್ಟಿದ್ದೀರಿ ಅಂದ್ಮೇಲೆ ನಂಗೆ ಆಟಾನೂ ಬರಲ್ಲ, ಏಟು ಬಿತ್ತೋ ಇಲ್ವೋ ಅಂತಾನೂ ತಿಳಿಯಲ್ಲ ಅಂತಲೇ ಅಲ್ವಾ. ಗ್ಲೌಸು ಯಾರಿಗಾದ್ರೂ ಕೊಟ್ಬಿಡಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅಳುವೂ ಇರಲಿಲ್ಲ. ನಾನು ಬರೆದದ್ದು ನಿಜವೆಂದು ನಂಬಿದ್ದಳು, ಅಷ್ಟೇ. ಶಿಬಿರವಂತೂ ಕೈತಪ್ಪಿತ್ತು, ಈಗ ಅವಳ ಕಣ್ಣನ್ನೇ ಅವಳು ನಂಬದಂತೆ ಮಾಡಿಟ್ಟಿದ್ದೆ. ಸುಮ್ಮನಿದ್ದರೆ ನೇರದ ಮನುಷ್ಯನಾಗಿ ಉಳಿಯಬಹುದಿತ್ತು.

"ಸುತ್ತು ನಿಂದೇ ಕಣೇ," ಎಂದೆ. "ನಂಗೂ ಹಂಗೇ ಕಂಡಿತ್ತು. ಗೊತ್ತಿದ್ದೇ ನೀಲಿಗೆ ಬರ್ದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ನನ್ನನ್ನೇ ದಿಟ್ಟಿಸಿದಳು.

"ಯಾಕೆ?"

"ನೀನು ನನ್ನ ತಂಗಿ ಮಗಳು. ಜನ ಏನಾದ್ರೂ ಅಂತಾರೆ ಅಂತ."

ಅವಳು ಪಟ್ಟಿಯ ಒಂದು ಸುರುಳಿಯನ್ನು ಮಡಿಲಲ್ಲಿಟ್ಟು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡುತ್ತಿದ್ದಳು. ಆಳುಗಳ ಲೈನ್ ಮನೆಗಳ ಹತ್ತಿರ ಜೀಪು ನಿಂತಾಗ ಅಮ್ಮನನ್ನು ಎಬ್ಬಿಸಿ ಇಳಿಸಿದಳು. ಆಮೇಲೆ ಬಾಗಿಲು ಹಿಡಿದು ನಿಂತಳು.

"ಗ್ಲೌಸು ಯಾರಿಗೂ ಕೊಡ್ಬೇಡಿ, ನಾನು ಆಡ್ತೀನಿ," ಎಂದಳು. "ಆದ್ರೆ ಇನ್ನು ನನ್ನ ಪಂದ್ಯಕ್ಕೆ ನೀವು ಬರ್ಬೇಡಿ ಮಾವ."

ಅವಳು ಈಗ ದೊಡ್ಡವರ ಗುಂಪಿನಲ್ಲಿ ಆಡುತ್ತಾಳೆ. ಪಂದ್ಯವಿದ್ದ ದಿನ ಸಾಬರು ಫೋನು ಮಾಡಿ ಗೆದ್ದಳೋ ಸೋತಳೋ ಹೇಳುತ್ತಾರೆ. ನಾನು ಹೋಗುವುದಿಲ್ಲ.