ಕೆಂಪು ಯಾವುದು?

ವೈರಿಂಗಿನವನೊಂದಿಗೆ ಜಗಳವಾಡಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. “ಅಡುಗೆಮನೆ ಸ್ವಿಚ್ ಒತ್ತಿದ್ರೆ ಬಚ್ಚಲಲ್ಲಿ ದೀಪ ಹತ್ತುತ್ತಲ್ಲಯ್ಯಾ!” ಎಂದು ಟೀಚರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರೆ, “ಹತ್ತುತ್ತಲ್ಲ ಅಕ್ಕ, ಅದು ಮುಖ್ಯ” ಎಂದು ನಕ್ಕ. ಫ್ಯಾನ್ ಹಾಕಿದರೆ ಕರೆಗಂಟೆ ಬಡಿದುಕೊಳ್ಳುವುದೂ ಅವನ ಬಾಯಲ್ಲಿ ಅನುಕೂಲವೇ. “ಯಾರಾದ್ರೂ ಫ್ಯಾನ್ ಮರೆತರೆ ಗೊತ್ತಾಗುತ್ತಲ್ಲ!” ಕೇಳುತ್ತ ಕೇಳುತ್ತ, ಸ್ವಿಚ್ ಒತ್ತಲು ಬಾರದವಳು ತಾನೇ ಇರಬಹುದೇ ಎಂದು ಆಕೆಯ ತಲೆ ಗಿರ್ರೆಂದಿತು. ಕೊನೆಗೆ, “ಹೋಗ್ಲಿ ಬಿಡು, ಬೇರೆಯವರನ್ನ ಕರೆಸ್ತೀನಿ” ಎಂದಳು. ಅವನ ನಗು ಆರಿತು. ಸ್ವಿಚ್ಚಿನ ಹಲಗೆ ಬಿಚ್ಚಿದ. ಒಳಗಿನ ಎರಡು ತಂತಿಗಳಿಗೆ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಕಿರಿದಾಗಿಸಿ, ತಗ್ಗಿದ ದನಿಯಲ್ಲಿ ಕೇಳಿದ: “ಅಕ್ಕ, ಇದ್ರಲ್ಲಿ ಕೆಂಪು ಯಾವುದು?” ಬೈಯಬೇಕೋ, ಕೈಹಿಡಿದು ಕೂರಿಸಬೇಕೋ ತಿಳಿಯದೆ, ಟೀಚರಮ್ಮ ಮೊದಲು ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು.