ತಕ್ಕಡಿ ಅಕ್ಕನ ಮುಳ್ಳು

ತಕ್ಕಡಿ ರಿಪೇರಿ ಮಾಡುವ ಹೆಂಗಸು ಆ ಪೇಟೆಗೆಲ್ಲ ಒಬ್ಬಳೇ. ಹಾಗಾಗಿ ಅವಳಿಗೆ ಬೇರೆ ಹೆಸರು ಬೇಕಾಗಿರಲಿಲ್ಲ. ದಿನಸಿ ಅಂಗಡಿಯವನಿಂದ ಹಿಡಿದು ಔಷಧಿ ಅಂಗಡಿಯ ಮುದುಕನವರೆಗೆ ಎಲ್ಲರಿಗೂ ಅವಳು ತಕ್ಕಡಿ ಅಕ್ಕ. ಅಂಗಡಿ ಎಂದರೆ ಎಂಟಡಿಗೆ ಹತ್ತಡಿಯ ಒಂದು ಕೋಣೆ. ಬಾಗಿಲಿಗೆ ಎದುರಾಗಿ ಒಂದು ಮೇಜು. ಅದು ಕೂದಲೆಳೆಯಷ್ಟೂ ಅಲುಗಾಡಬಾರದೆಂದು ಕಾಲುಗಳಿಗೆ ಸಿಮೆಂಟು ಹಾಕಿ ನೆಲಕ್ಕೆ ಕೂರಿಸಿದ್ದಳು. ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಅವಳಪ್ಪನ ಕಾಲದ ಹಿತ್ತಾಳೆ ತಕ್ಕಡಿ. ಪಕ್ಕದ ಮರದ ಡಬ್ಬಿಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತ ತೂಕದ ಬಟ್ಟುಗಳು. ಕೊನೆಯವು ಎಷ್ಟು ಸಣ್ಣವೆಂದರೆ, ಯಾರಾದರೂ ಜೋರಾಗಿ ಸೀನಿದರೆ ಅರ್ಧ ದಿನ ನೆಲ ಹುಡುಕಬೇಕಾಗುತ್ತಿತ್ತು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಅವಳ ಲೈಸೆನ್ಸು ಬಿಟ್ಟರೆ ಬೇರೇನೂ ಇರಲಿಲ್ಲ.

ಅಕ್ಕನ ಮಾತು ನೇರ, ಮುಖಕ್ಕೆ ಹೊಡೆದ ಹಾಗೆ. ಒಮ್ಮೆ ದೊಡ್ಡ ಚಿನ್ನದಂಗಡಿಯವನು ತನ್ನ ತಕ್ಕಡಿ ತಂದು, "ಸುಮ್ನೆ ಒರೆಸಿಕೊಡಿ ಅಕ್ಕ, ಸಾಕು" ಎಂದಿದ್ದ. ಖಾಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತ್ತು. ಎಡಕ್ಕೆ ಒಂದು ಉಂಗುರ, ಬಲಕ್ಕೆ ಬಟ್ಟುಗಳು ಇಟ್ಟು ಸರಿತೂಗಿಸಿದಳು. ಆಮೇಲೆ ಬಟ್ಟುಗಳನ್ನು ಎಡಕ್ಕೂ ಉಂಗುರವನ್ನು ಬಲಕ್ಕೂ ಅದಲುಬದಲು ಮಾಡಿದಳು. ಮುಳ್ಳು ಕುಡಿದವನ ಹಾಗೆ ಒಂದು ಕಡೆಗೆ ವಾಲಿತು. ದಂಡದ ಒಂದು ತೋಳು ತುಸು ಗಿಡ್ಡ; ಖಾಲಿ ಇರುವಾಗ ಅದು ಗೊತ್ತಾಗದಿರಲೆಂದು, ಆ ಕಡೆಯ ತಟ್ಟೆ ಮಗುಚಿ ನೋಡಿದರೆ ಅಡಿಯಲ್ಲಿ ಚೂರು ಮೇಣ. "ಇದು ಕೊಳೆ ಅಲ್ಲ ಸ್ವಾಮಿ, ಬುದ್ಧಿವಂತಿಕೆ. ಇದನ್ನ ಒರೆಸೋಕೆ ನನ್ನ ಹತ್ರ ಬಟ್ಟೆ ಇಲ್ಲ" ಎಂದು ತಕ್ಕಡಿಯನ್ನು ಅವನ ಕಡೆಗೇ ತಳ್ಳಿದಳು. ಒಂದು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದವನು ಕೊನೆಗೆ ಅವಳ ಬಾಗಿಲಿಗೇ ಬಂದ. ಖಾಲಿ ಇರುವಾಗ ಎಲ್ಲ ತಕ್ಕಡಿಗಳೂ ಸಾಚಾ ಎನ್ನುವುದು, ಅದಲುಬದಲು ಮಾಡದೆ ಯಾವುದನ್ನೂ ನಂಬಬಾರದು ಎನ್ನುವುದು ಅವಳಪ್ಪ ಕಲಿಸಿದ ಮೊದಲ ಪಾಠ.

ಮಗಳಿಗೆ ಹದಿಮೂರು. ಹುಟ್ಟಿದಾಗ ಕಡ್ಡಿಯಂತಿದ್ದಳೆಂದು, ಮಾತು ಬಂದ ಮೇಲೆ ಆ ಮಾತು ಚುಚ್ಚುತ್ತಿತ್ತೆಂದು, ಅಕ್ಕನ ಗಂಡ ಇಟ್ಟ ಹೆಸರು ಮುಳ್ಳು. ಒಂದನೇ ಕ್ಲಾಸಿನಿಂದ ಅವಳೇ ಫಸ್ಟ್. ಎರಡನೇ ಸ್ಥಾನ ಹೇಗಿರುತ್ತದೆಂದು ಅವಳು ಬೇರೆಯವರ ಕೈಯಲ್ಲಿ ಮಾತ್ರ ನೋಡಿದ್ದಳು. ದಿನಾ ನಾಲ್ಕು ಗಂಟೆಗೆ ಶಾಲೆಯಿಂದ ನೇರ ಅಂಗಡಿಗೆ ಬಂದು, ಕೈ ತೊಳೆದು, ಚಿಮಟ ಹಿಡಿದು ಸಣ್ಣ ಬಟ್ಟುಗಳನ್ನು ತಟ್ಟೆಯಲ್ಲಿಡುವುದು ಅವಳ ಕೆಲಸ. ಅದಕ್ಕೊಂದು ಕಾರಣವಿತ್ತು. ಎರಡು ವರ್ಷದಿಂದ ಅಕ್ಕನ ಬಲಗೈ ಸ್ವಲ್ಪ ನಡುಗುತ್ತಿತ್ತು. ಒಂದು ದಿನ ಬಟ್ಟು ಮೂರು ಸಲ ಜಾರಿ ಬಿದ್ದಾಗ ಮಗಳು, "ನಾನಿಡ್ತೀನಿ ಬಿಡು" ಎಂದಿದ್ದಳು. ಅಷ್ಟೇ. ಆ ಮೇಲೆ ಇಬ್ಬರೂ ಆ ವಿಷಯ ಎತ್ತಿರಲಿಲ್ಲ.

ಮಂಗಳವಾರ ಪತ್ರ ಬಂತು. ನಗರದ ಆ ತುದಿಯಲ್ಲಿರುವ, ಪರೀಕ್ಷೆ ಮಾಡಿ ಆಯ್ದವರನ್ನಷ್ಟೇ ಸೇರಿಸಿಕೊಳ್ಳುವ ಹೈಸ್ಕೂಲಿನಲ್ಲಿ ಮುಳ್ಳುವಿಗೆ ಸೀಟು ಸಿಕ್ಕಿತ್ತು. ಕ್ಲಾಸ್ ಟೀಚರೇ ಒತ್ತಾಯ ಮಾಡಿ ಅರ್ಜಿ ತುಂಬಿಸಿದ್ದರು. ನಾನೂರು ಮಕ್ಕಳು ಬರೆದಿದ್ದರು, ತೆಗೆದುಕೊಂಡಿದ್ದು ನಲವತ್ತು. ಬೇಕೋ ಬೇಡವೋ ಎಂದು ಶನಿವಾರದೊಳಗೆ ತಂದೆಯೋ ತಾಯಿಯೋ ಸಹಿ ಹಾಕಿ ತಿಳಿಸಬೇಕು.

ಮುಳ್ಳುವಿನ ಅಪ್ಪ ಬೇಕರಿಯಲ್ಲಿ ಬ್ರೆಡ್ಡು ಮಾಡುವವನು, ಹುಬ್ಬಿನಲ್ಲಿ ಹಿಟ್ಟು ಇಟ್ಟುಕೊಂಡೇ ಓಡಾಡುವ ಮನುಷ್ಯ. ಅವನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಮರುದಿನದ ಮೊದಲ ಬ್ರೆಡ್ಡು ಆರುವಷ್ಟರಲ್ಲಿ ಇಡೀ ಬೀದಿಗೆ ಸುದ್ದಿ ಗೊತ್ತಾಗಿತ್ತು. ಬ್ರೆಡ್ಡಿಗೆ ಬಂದವರು ಅಭಿನಂದನೆಯನ್ನೂ ಕಟ್ಟಿಸಿಕೊಂಡು ಹೋದರು. ಆದರೆ ಮನೆಯಲ್ಲಿ ಮುಳ್ಳು ಒಂದೇ ಮಾತು ಹಿಡಿದು ಕೂತಿದ್ದಳು.

"ನಾನು ಹೋಗಲ್ಲ."

"ಯಾಕಮ್ಮ?" ಎಂದ ಅಪ್ಪ.

"ಎರಡು ಬಸ್ಸು ಬದಲಾಯಿಸಬೇಕು. ಆರೂವರೆಗೆ ಮನೆ ಬಿಡಬೇಕು. ಬರೋದು ಆರು ಗಂಟೆಗೆ. ಪುಸ್ತಕ ಇಲ್ಲೂ ಅದೇ, ಅಲ್ಲೂ ಅದೇ."

"ಹಿಟ್ಟು ಅದೇ ಇರಬಹುದು, ಭಟ್ಟಿ ಬೇರೆ ಕಣಮ್ಮ." ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ. ಊರಿಗೆಲ್ಲ ಬುದ್ಧಿ ಹೇಳ್ತೀಯ, ಇವಳ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲ."

ಬಾಯಿಗೆ ಬೀಗ ಎನ್ನುವುದು ಅಕ್ಕನಿಗೇ ಹೊಸ ಅನುಭವ. ಮಗಳು ಹೋಗಲಿ ಎಂದು ಅವಳಿಗೆ ತುಂಬ ಆಸೆ. ಆದರೆ ನಾಲ್ಕು ಗಂಟೆಯಾದರೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು, ಆ ಪುಟ್ಟ ಗಟ್ಟಿ ಕೈಗಾಗಿ. ತನ್ನ ಸ್ವಾರ್ಥದ ಬೆರಳೇ ತಟ್ಟೆಗೆ ತಾಗಿಕೊಂಡಿರುವಾಗ ತೂಕ ಹೇಳುವುದು ಹೇಗೆ? ಹುಡುಗಿ ಬಸ್ಸು, ದೂರ ಎಂದೆಲ್ಲ ನೆಪ ಹೇಳುತ್ತಿರುವುದು ಈ ನಡುಗುವ ಕೈಯನ್ನು ನೋಡಿಯೇ ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಅದನ್ನೇ ಯೋಚಿಸುತ್ತ ಕೂರುವ ಜಾತಿಯಲ್ಲ ಅವಳು. ಗುರುವಾರ ಬೆಳಿಗ್ಗೆ ಎದುರಿನ ಬಡಗಿಯ ಬಳಿ ಹೋಗಿ, ಮುಂಗೈ ಕೂರುವ ಹಾಗೆ ನಡುವೆ ತೋಡಿದ ಒಂದು ಮರದ ತುಂಡು ಮಾಡಿಸಿದಳು. ಅದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಊರಿ, ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಅಭ್ಯಾಸ ಮಾಡಿದಳು. ಗಿರಾಕಿಗಳು ಬಾಗಿಲು ತಟ್ಟಿ ತಟ್ಟಿ ಹೋದರು.

ನಾಲ್ಕು ಗಂಟೆಗೆ ಮುಳ್ಳು ಬಂದು ಕೈ ತೊಳೆದು ಚಿಮಟಕ್ಕೆ ಕೈ ಚಾಚಿದಳು. ಅಕ್ಕ ಕೊಡಲಿಲ್ಲ.

"ಕೂತು ನೋಡು" ಎಂದಳು.

ಮರದ ತುಂಡಿನ ಮೇಲೆ ಕೈ ಇಟ್ಟು ಎಲ್ಲಕ್ಕಿಂತ ಸಣ್ಣ ಬಟ್ಟನ್ನು ಎತ್ತಿದಳು. ಮೊದಲ ಸಲ ಜಾರಿತು. ಎರಡನೇ ಸಲ ತಟ್ಟೆಯ ಅಂಚಿಗೆ ತಾಗಿತು. ಮೂರನೇ ಸಲ ನಡುವೆ ಹೋಗಿ ಕೂತಿತು. ಮುಳ್ಳು ಉಸಿರು ಬಿಟ್ಟಳು.

"ಇದು ಯಾವಾಗಿಂದ?"

"ಇವತ್ತಿಂದ. ನನ್ನ ಕೈ ವಿಷಯ ಮುಗೀತು. ಈಗ ಹೇಳು, ಹೋಗ್ತೀಯಾ?"

ಹುಡುಗಿಯ ಮುಖ ಅರಳಿತು. ಮರದ ತುಂಡನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಆದ್ರೂ ಹೋಗಲ್ಲಮ್ಮ" ಎಂದಳು.

ಅಕ್ಕ ಕಕ್ಕಾಬಿಕ್ಕಿಯಾದಳು. ಇಷ್ಟು ಹೊತ್ತು ಎಲ್ಲಕ್ಕೂ ತನ್ನ ಕೈಯೇ ಕಾರಣ ಎಂದುಕೊಂಡಿದ್ದಳಲ್ಲ. ಸ್ವಲ್ಪ ನಾಚಿಕೆಯೂ ಆಯಿತು. ಮಗಳ ಬದುಕಿನಲ್ಲಿ ತಾನೇ ದೊಡ್ಡ ಬಟ್ಟು ಎಂಬ ಜಂಭವೇ ಅದು? ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಸರಿ. ಅದಲುಬದಲು ಮಾಡೋಣ. ನೀನು ಎರಡು ವರ್ಷದಿಂದ ಆ ಸ್ಕೂಲಲ್ಲೇ ಓದ್ತಿದೀಯ ಅಂದ್ಕೋ. ಎರಡು ಬಸ್ಸು, ಆರೂವರೆ ಗಂಟೆ, ಎಲ್ಲ ಅಭ್ಯಾಸ ಆಗಿದೆ. ಇವತ್ತು ಈ ನಮ್ಮ ಬೀದಿ ಸ್ಕೂಲಿಂದ ಪತ್ರ ಬಂದಿದೆ, ಅದನ್ನ ಬಿಟ್ಟು ಇಲ್ಲಿಗೆ ಬಾ ಅಂತ. ಬರ್ತೀಯಾ?"

ಮುಳ್ಳು ನಕ್ಕಳು. "ಯಾರು ಬರ್ತಾರೆ? ಅಲ್ಲಿ ಮೈಕ್ರೋಸ್ಕೋಪು ಒಬ್ಬೊಬ್ಬರಿಗೆ ಒಂದೊಂದು ಇದೆ. ಪರೀಕ್ಷೆ ದಿನ ಕಿಟಕೀಲಿ ನೋಡ್ದೆ. ಲೈಬ್ರರೀಲಿ ಮೇಲಿನ ಶೆಲ್ಫಿಗೆ ಹತ್ತೋಕೆ ಏಣಿ ಇದೆ. ಅದನ್ನ ಬಿಟ್ಟು..." ಅಲ್ಲಿಗೆ ಮಾತು ನಿಂತಿತು. ತನ್ನ ಬಾಯಿಂದ ಏನು ಬಂತೆಂದು ಅವಳಿಗೇ ಕೇಳಿಸಿತ್ತು.

"ಅಲ್ಲಿ ನಿಂತು ನೋಡಿದ್ರೆ ಅಲ್ಲೇ ಒಳ್ಳೇದು. ಇಲ್ಲಿ ನಿಂತು ನೋಡಿದ್ರೆ ಇಲ್ಲೇ ಒಳ್ಳೇದು. ಏನಿದರ ಅರ್ಥ?"

"ತಕ್ಕಡಿ ಸುಳ್ಳು ಹೇಳ್ತಿದೆ" ಎಂದಳು ಹುಡುಗಿ. ಎಷ್ಟಾದರೂ ಅಂಗಡಿಯಲ್ಲಿ ಬೆಳೆದ ಮಗು.

"ಹಾಗಾದ್ರೆ ತಟ್ಟೆ ಅಡಿ ಏನು ಅಂಟ್ಕೊಂಡಿದೆ?"

ಮುಳ್ಳು ಬಟ್ಟಿನ ಡಬ್ಬಿಯ ಮುಚ್ಚಳವನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅಕ್ಕ ಕಾದಳು. ಮುಳ್ಳು ನಿಲ್ಲುವವರೆಗೆ ಕಾಯುವುದು ಅವಳ ಕಸುಬೇ ಆಗಿತ್ತು.

"ಅಲ್ಲಿಗೆ ಬರೋರೆಲ್ಲ ಫಸ್ಟೇ ಅಮ್ಮ" ಎಂದಳು ಕೊನೆಗೆ. "ನಲವತ್ತು ಜನಾನೂ ಅವರವರ ಸ್ಕೂಲಲ್ಲಿ ಫಸ್ಟು. ಅಲ್ಲಿ ಹೋದ್ಮೇಲೆ ಮೂವತ್ತೊಂಬತ್ತು ಜನ ಫಸ್ಟ್ ಇರಲ್ಲ. ನಾನು ಲೆಕ್ಕ ಹಾಕಿದೀನಿ." ದನಿ ಸಣ್ಣದಾಯಿತು. "ಆಗ ಅಪ್ಪ ಬ್ರೆಡ್ಡಿಗೆ ಬಂದೋರಿಗೆಲ್ಲ ಏನಂತ ಹೇಳ್ತಾರೆ?"

ಅಕ್ಕನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಂಬರು ಮುಖ್ಯ ಅಲ್ಲ ಪುಟ್ಟ ಎಂದು ತಲೆ ಸವರಿಬಿಡಬಹುದಿತ್ತು. ಎಲ್ಲ ದೊಡ್ಡವರೂ ಹೇಳುವುದು ಅದನ್ನೇ, ಯಾವ ಮಕ್ಕಳೂ ನಂಬುವುದಿಲ್ಲ. ಅವಳು ಗೋಡೆಯ ಮೇಲಿನ ಲೈಸೆನ್ಸನ್ನು ನೋಡಿದಳು. ಇಪ್ಪತ್ತು ವರ್ಷದಿಂದ ಯಾರಿಗೂ ಹೇಳದ ಒಂದು ವಿಷಯ ಅದರ ಹಿಂದಿತ್ತು.

"ಆ ಲೈಸೆನ್ಸಿನ ಪರೀಕ್ಷೆ ಬರೆದಾಗ ನಾವು ಹತ್ತೊಂಬತ್ತು ಜನ ಇದ್ವಿ. ಹದಿನೆಂಟು ಜನ ಗಂಡಸರು, ನಾನೊಬ್ಬಳು. ನನ್ನ ನಂಬರ್ ಎಷ್ಟು ಗೊತ್ತಾ? ಹದಿನೇಳು."

"ಕೆಳಗಿಂದಲಾ?"

"ಮೇಲಿಂದ."

ಮುಳ್ಳು ಬೆರಳು ಮಡಿಚಿದಳು. "ಹದಿನೆಂಟು, ಹತ್ತೊಂಬತ್ತು?"

"ಇಬ್ರೂ ಫೇಲು."

ಹುಡುಗಿ ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು. ನಗುತ್ತಿದ್ದಂತೆ ಇಪ್ಪತ್ತು ವರ್ಷ ಹೊತ್ತಿದ್ದ ಭಾರ ಇಳಿದು ಮೈ ಹಗುರವಾಯಿತು.

"ಅಪ್ಪನಿಗೆ ಗೊತ್ತಾ?"

"ನಿಮ್ಮಪ್ಪನಿಗೆ ಹೇಳಿದ್ರೆ ಬ್ರೆಡ್ಡಿನ ಜೊತೆ ಅದನ್ನೂ ಹಂಚಿಬಿಡ್ತಿದ್ರು. ಪಾಸಾದೆ ಅಂತ ಮಾತ್ರ ಹೇಳಿದೆ." ಬಟ್ಟಿನ ಡಬ್ಬಿಯ ಮುಚ್ಚಳ ಹಾಕಿ ಮುಂದುವರಿಸಿದಳು. "ಆ ಹದಿನಾರು ಜನ ನನಗಿಂತ ಚೆನ್ನಾಗಿ ಬಲ್ಲವರೇ. ಅವರ ಪಕ್ಕ ಕೂತು ನೋಡಿ ನೋಡಿ ಕಲಿತೆ. ಬಂದ ಗಿರಾಕಿ ಯಾರೂ ಇವತ್ತಿನವರೆಗೆ ನನ್ನ ನಂಬರ್ ಕೇಳಿಲ್ಲ. ನಾನೇ ಸುಮ್ನೆ ಬಚ್ಚಿಟ್ಕೊಂಡು ಕೂತಿದ್ದೆ. ಈಗ ನಾನು ಹೋಗು ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಮೇಣ ಕಿತ್ತಾಯ್ತು. ತೂಕ ನೀನೇ ನೋಡು."

ಮುಳ್ಳು ಅಭ್ಯಾಸಬಲದಿಂದ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದಳು. ಒಳಗೆ ಹಿತ್ತಾಳೆಯ ಮುಳ್ಳು ಅತ್ತಿತ್ತ ಆಡಿ ಆಡಿ ನಿಧಾನವಾಯಿತು. ಅದು ನಿಲ್ಲುವವರೆಗೂ ಹುಡುಗಿ ಅದನ್ನೇ ನೋಡಿದಳು.

"ಒಬ್ಬೊಬ್ಬರಿಗೆ ಒಂದೊಂದು ಮೈಕ್ರೋಸ್ಕೋಪು" ಎಂದಳು. "ಹೋಗ್ತೀನಿ."

ಚೀಲದಿಂದ ಪತ್ರ ತೆಗೆದು ಮೇಜಿನ ಮೇಲೆ ಹರಡಿದಳು. ಅಕ್ಕ ಪೆನ್ನು ಹಿಡಿದಳು. ಖುಷಿಗೋ ಏನೋ, ಕೈ ಎಂದಿಗಿಂತ ಜಾಸ್ತಿ ನಡುಗುತ್ತಿತ್ತು. ಮುಳ್ಳು ಏನೂ ಹೇಳದೆ ಮರದ ತುಂಡನ್ನು ಅಮ್ಮನ ಕೈಯಡಿಗೆ ಸರಿಸಿದಳು. ಸಹಿ ನೆಟ್ಟಗೆ ಬಂತು.

ಹೊಸ ಶಾಲೆಯಲ್ಲಿ ಮೊದಲ ಪರೀಕ್ಷೆ ಮುಗಿದು ಅಂಕಪಟ್ಟಿ ಬಂದ ದಿನ ಮುಳ್ಳು ಎರಡು ಬಸ್ಸು ಹತ್ತಿಳಿದು ಆರು ಗಂಟೆಗೆ ಅಂಗಡಿಗೆ ಬಂದಳು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತಳು. ನಲವತ್ತರಲ್ಲಿ ಮೂವತ್ತೊಂದು. ಅಳು ಬಂದಿತ್ತೆಂದು ಮುಖ ಹೇಳುತ್ತಿತ್ತು, ಆದರೆ ಅದು ಎರಡನೇ ಬಸ್ಸಿನಲ್ಲೇ ಮುಗಿದಿರಬೇಕು. ಅಕ್ಕ ಪೆನ್ಸಿಲು ತೆಗೆದುಕೊಂಡು ಎದ್ದು, ಲೈಸೆನ್ಸಿನ ಕಟ್ಟಿನ ಕೆಳಗೆ ಗೋಡೆಯ ಮೇಲೆ ದೊಡ್ಡದಾಗಿ ಹದಿನೇಳು ಎಂದು ಬರೆದಳು. ಪೆನ್ಸಿಲನ್ನು ಮಗಳ ಕೈಗೆ ಕೊಟ್ಟಳು. ಅದರ ಕೆಳಗೆ ಮುಳ್ಳು ಮೂವತ್ತೊಂದು ಎಂದು ಬರೆದು, "ಕಪ್ಪೆ ಕಾಲಿನ ಚರ್ಮ ನೋಡಿದೆ ಇವತ್ತು ಮೈಕ್ರೋಸ್ಕೋಪಲ್ಲಿ. ರಕ್ತ ಓಡೋದು ಕಾಣುತ್ತೆ ಗೊತ್ತಾ" ಎಂದು ಶುರು ಮಾಡಿದವಳು ಮನೆ ಮುಟ್ಟುವವರೆಗೆ ನಿಲ್ಲಿಸಲಿಲ್ಲ.

ಅಪ್ಪ ರಾತ್ರಿ ಊಟಕ್ಕೆ ಕೂತಾಗ ಅಮ್ಮ, ಮಗಳು ತಮ್ಮ ತಮ್ಮ ನಂಬರು ಹೇಳಿದರು. ಹೆಂಡತಿಯ ಮುಖವನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಇಬ್ಬರ ತಟ್ಟೆಗೂ ಇನ್ನೊಂದೊಂದು ಸೌಟು ಸಾರು ಬಡಿಸಿದ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟ ಅಕ್ಕನಿಗೆ ಬೇಕರಿಯ ಮುಂದಿನ ಸಾಲಿನಾಚೆಯಿಂದ ಗಂಡನ ದೊಡ್ಡ ಗಂಟಲು ಕೇಳಿಸಿತು. "ನಮ್ಮ ಮನೇಲಿ ಒಬ್ಬಳು ಹದಿನೇಳು, ಒಬ್ಬಳು ಮೂವತ್ತೊಂದು" ಎಂದು ಸಾರುತ್ತಿದ್ದ.

"ಹಂಗಂದ್ರೆ ಏನು ಮಾರಾಯ?" ಎಂದು ಯಾರೋ ಕೇಳಿದರು.

"ಹಂಗಂದ್ರೆ ಇಬ್ರೂ ಪಾಸು" ಎಂದು ಅವನು ಬಿಸಿ ಬ್ರೆಡ್ಡು ಸುತ್ತಿ ಕೈಗೆ ಕೊಟ್ಟ.